ಸೂರಿನ ನೀರು ಬೀಳುವಷ್ಟು ಜಾಗ

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನೀವು ಏನು ನೋಡುತ್ತೀರೋ ನನಗೆ ಗೊತ್ತಿಲ್ಲ. ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಅರ್ಧ ಜನ ಫೋನು ನೋಡುತ್ತಾರೆ, ಉಳಿದರ್ಧ ಕಬ್ಬಿನ ಗದ್ದೆ ನೋಡುತ್ತಾ ತೂಕಡಿಸುತ್ತಾರೆ. ನಾನು ಮನೆಗಳ ನಡುವಿನ ಸಂದಿ ನೋಡುತ್ತೇನೆ. ಯಾವುದಾದರೂ ಊರು ಬಂತೆಂದರೆ ಸಾಕು, ಈ ಮನೆಗೂ ಆ ಮನೆಗೂ ಮಧ್ಯೆ ಒಬ್ಬ ಮನುಷ್ಯ ತೂರುವಷ್ಟಾದರೂ ಜಾಗ ಉಳಿದಿದೆಯೇ ಎಂದು ಕತ್ತು ಚಾಚುತ್ತೇನೆ. ಇದ್ದರೆ ಅದೇನೋ ಸಮಾಧಾನ. ಇಲ್ಲದಿದ್ದರೆ ಹಲ್ಲಿನ ಮಧ್ಯೆ ಸೊಪ್ಪಿನ ನಾರು ಸಿಕ್ಕಿಕೊಂಡ ಹಾಗೆ. ಹೀಗೆ ನೋಡುತ್ತಾ ಒಮ್ಮೆ ಇಳಿಯುವ ಸ್ಟಾಪನ್ನೇ ದಾಟಿಬಿಟ್ಟೆ. ಕಂಡಕ್ಟರು ಬಿಡಲಿಲ್ಲ. "ಏನಮ್ಮೋ, ಎಣ್ಣು ನೋಡಕ್ಕೆ ಬಂದೋರಂಗೆ ಒಂದೊಂದ್ ಮನೆನೂ ಇಣುಕ್ಕೊಂಡು ಕುಂತಿದ್ದೀರಲ್ಲ, ಸಂಬಂಧ ಕುದುರ್ತಾ?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕು, ಬ್ಯಾಗು ಅವುಚಿಕೊಂಡು ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ. ದಾರಿಯಲ್ಲಿ ಇನ್ನೆರಡು ಸಂದಿ ನೋಡಿದೆ.

ಇದು ನನ್ನ ಕಸುಬಿನ ಚಾಳಿ. ನಾನು ಮನೆಗಳ ನಕ್ಷೆ ಬರೆಯುವವಳು. ಓದಿದ್ದು ಆರ್ಕಿಟೆಕ್ಚರು. ಆದರೆ ಮಂಡ್ಯದಲ್ಲಿ ಬೋರ್ಡು ತಗುಲಿಸಿದ ಮೇಲೆ ಆ ಪದವನ್ನು ಪೂರ್ತಿ ಹೇಳಿ ಮುಗಿಸಿದವರು ಕಡಿಮೆ. ಎಲ್ಲರಿಗೂ ನಾನು ಪ್ಲಾನ್ ಮೇಡಂ. ಊರವರಿಗೆಲ್ಲ ಮನೆ ಬರೆದುಕೊಡುವ ನಾನು ಇರುವುದು ಬಾಡಿಗೆಯ ಮಹಡಿಯಲ್ಲಿ. ಅದರ ಅಡುಗೆಮನೆಯ ಬಾಗಿಲು ತೆರೆದರೆ ಫ್ರಿಜ್ಜಿಗೆ ಬಡಿಯುತ್ತದೆ. ಬೇರೆ ಯಾರಾದರೂ ಇಂಥ ನಕ್ಷೆ ಬರೆದಿದ್ದರೆ ದಿನವಿಡೀ ಗೊಣಗುತ್ತಿದ್ದೆ. ಇಲ್ಲಿ ಬಾಗಿಲನ್ನೇ ಕಳಚಿಸಿ ಮಂಚದ ಕೆಳಗೆ ತಳ್ಳಿದ್ದೇನೆ. ಒಬ್ಬಳೇ ಇರುವವಳಿಗೆ ಅಡುಗೆಮನೆಗೆ ಬಾಗಿಲು ಯಾಕೆ ಹೇಳಿ. ಬೆಳಿಗ್ಗೆ ಎದ್ದು ಹಾಲು ಕಾಯಿಸಿ, ಒಂದು ಲೋಟ ಕಾಫಿ ಕುಡಿದು, ಮೇಜು ಒರೆಸಿ, ಪೆನ್ಸಿಲು ಚೂಪು ಮಾಡಿಟ್ಟುಕೊಂಡು ಕೂರುತ್ತೇನೆ. ಕಂಪ್ಯೂಟರು ಬಂದು ಎಷ್ಟೋ ಕಾಲವಾಯಿತು, ಆದರೂ ಮೊದಲ ಗೆರೆ ಪೆನ್ಸಿಲಿನಲ್ಲೇ ಆಗಬೇಕು. ಹೊಳೆದರೆ ಗೆರೆ, ಇಲ್ಲದಿದ್ದರೆ ಪೆನ್ಸಿಲಿನ ಹೊಟ್ಟು. ಹೊಟ್ಟು ಬಿದ್ದ ದಿನಗಳೇ ಜಾಸ್ತಿ.

ಸಂದಿಯ ಹುಚ್ಚು ನನಗೆ ಹತ್ತಿದ್ದು ಮಳವಳ್ಳಿಯಲ್ಲಿ, ನಮ್ಮ ಮನೆಗೂ ರತ್ನಳ ಮನೆಗೂ ಮಧ್ಯೆ. ಎರಡೂ ನಾಡಹೆಂಚಿನ ಮನೆಗಳು. ಹೆಂಚಿನ ಮನೆಯ ಸೂರು ಗೋಡೆಯಿಂದ ಆಚೆಗೆ ಚಾಚಿಕೊಂಡಿರುತ್ತದಲ್ಲ, ಮಳೆ ಬಂದರೆ ನೀರು ಅಲ್ಲಿಂದ ಎಳೆ ಎಳೆಯಾಗಿ ಇಳಿಯುತ್ತದೆ. ಆ ನೀರು ಪಕ್ಕದವರ ಗೋಡೆಗೆ ಸಿಡಿಯಬಾರದು, ತಮ್ಮ ಜಾಗದಲ್ಲೇ ಬೀಳಬೇಕು ಎಂಬುದು ಆಗ ಮನೆ ಕಟ್ಟುವವರ ಕಟ್ಟಳೆ. ಹಾಗಾಗಿ ಗೋಡೆ ಎಬ್ಬಿಸುವಾಗ ಪ್ರತಿಯೊಬ್ಬರೂ ತಮ್ಮ ಜಾಗದೊಳಗೇ ಒಂದಿಷ್ಟು ಹಿಂದೆ ಸರಿಯುತ್ತಿದ್ದರು. ಈ ಮನೆಯವರು ಒಂದಿಷ್ಟು, ಆ ಮನೆಯವರು ಒಂದಿಷ್ಟು. ಎರಡು ಸೂರಿನ ಜಾಗವೂ ಸೇರಿದರೆ ಒಂದು ದಾರಿ. ಅದನ್ನು ಯಾರೂ ದಾನ ಕೊಟ್ಟದ್ದಲ್ಲ, ಯಾರೂ ಬೇಡಿ ತೆಗೆದುಕೊಂಡದ್ದಲ್ಲ. ಮಳೆಗೆ ಬಿಟ್ಟ ಜಾಗದಲ್ಲಿ ಮಳೆ ಇಲ್ಲದಾಗ ಜನ ಓಡಾಡುತ್ತಿದ್ದರು, ಅಷ್ಟೆ.

ನಮ್ಮ ಸಂದಿಯ ಹಿಂದೆ ಬೀದಿಗೆ ಮುಖವಿಲ್ಲದ ಕೆಲವು ಮನೆಗಳಿದ್ದವು. ಅವರಿಗೆ ಬೀದಿ ಎಂದರೆ ನಮ್ಮ ಸಂದಿಯೇ. ಮದುವೆಯ ಹೆಣ್ಣೂ ಅಲ್ಲೇ ಬರಬೇಕು, ಹೆಣವೂ ಅಲ್ಲೇ ಹೋಗಬೇಕು. ಸೂರಿನ ನೀರು ಬಿದ್ದೂ ಬಿದ್ದೂ ನೆಲದಲ್ಲಿ ಸಾಲಾಗಿ ಪುಟ್ಟ ಗುಣಿಗಳಾಗಿದ್ದವು. ಅದರಲ್ಲಿ ತೊಳೆದು ಬೆಳ್ಳಗಾದ ಸಣ್ಣ ಕಲ್ಲುಗಳನ್ನು ನಾನೂ ರತ್ನಳೂ ಆಣೆಕಲ್ಲಾಟಕ್ಕೆ ಆರಿಸುತ್ತಿದ್ದೆವು. ಅವಳ ಕಡೆಯ ಗುಣಿಯ ಕಲ್ಲು ನಾನು ಮುಟ್ಟಿದರೆ ಜಗಳ. "ನಿಮ್ ಸೂರ್ದು ನಿಂಗೆ, ನಮ್ ಸೂರ್ದು ನಂಗೆ ಕಣಮ್ಮಿ" ಎನ್ನುತ್ತಿದ್ದಳು. ಅವಳಜ್ಜಿ ಒಳಗಿನಿಂದ ಕೂಗುತ್ತಿದ್ದರು: "ಕಲ್ಲಿಗ್ಯಾಕ್ರವ್ವಾ ಕಿತ್ತಾಡ್ತೀರಿ, ಜನ ಓಡಾಡ್ಲಿ, ಅತ್ಲಾಗ್ ಸರ್ಕಳಿ!" ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತವರು ಬಂದರೆ ನಾವು ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಳ್ಳುತ್ತಿದ್ದೆವು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿನ ಮುಂದೆ ಹಾದು ಹೋಗುತ್ತಿತ್ತು. ಹಿಂದಿನ ಮನೆಯವರು ರೇಷ್ಮೆ ಹುಳು ಸಾಕುತ್ತಿದ್ದರು, ಈಗಲೂ ಸಾಕುತ್ತಾರೆ.

ಆಮೇಲೆ ಕಾಂಕ್ರೀಟಿನ ಮೋಲ್ಡು ಬಂತು. ಮೋಲ್ಡು ಮನೆಗೆ ಸೂರಿಲ್ಲ. ತಾರಸಿಯ ನೀರನ್ನು ಪೈಪಿನಲ್ಲಿ ಮುಂದಕ್ಕೆ ಇಳಿಸಿ ಬೀದಿಗೆ ಬಿಟ್ಟರೆ ಆಯಿತು. ಸೂರೇ ಇಲ್ಲದ ಮೇಲೆ ಸೂರಿನ ನೀರಿಗೆ ಜಾಗ ಯಾಕೆ? ಗೋಡೆಗಳು ಒಂದೊಂದೇ ಹೆಜ್ಜೆ ಮುಂದೆ ಬಂದು ಒಂದಕ್ಕೊಂದು ಆತುಕೊಂಡವು. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಕೂತು ಮನುಷ್ಯನಿಗೂ ಕಟ್ಟಡಕ್ಕೂ ಇರುವ ಸಂಬಂಧದ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದಾಗ ಇತ್ತ ಅಪ್ಪ ಮಳವಳ್ಳಿಯ ಮನೆ ಮಾರಿದರು. ಕೊಂಡವರು ನಮ್ಮ ಸೂರಿನ ಜಾಗವನ್ನೂ ಸೇರಿಸಿಕೊಂಡು ಗೋಡೆ ಎಬ್ಬಿಸಿದರು. ತಪ್ಪೇನಿಲ್ಲ, ಕಾಗದದ ಪ್ರಕಾರ ಅದು ಅವರದ್ದೇ. ಸಂದಿಯಲ್ಲಿ ಉಳಿದದ್ದು ರತ್ನಳ ಮನೆಯವರ ಅರ್ಧ ಮಾತ್ರ. ಹೊರೆ ಹೊತ್ತವರು ಅಂದಿನಿಂದ ಓರೆಯಾಗಿ ನಡೆಯಲು ಕಲಿತರು.

ಇಲ್ಲಿ ನನ್ನ ಕಸುಬಿನ ಒಂದು ರಹಸ್ಯ ಹೇಳಿಬಿಡುತ್ತೇನೆ. ರಹಸ್ಯ ಎನ್ನುವುದು ಮರ್ಯಾದೆಗೆ, ಊರಿಗೆಲ್ಲ ಗೊತ್ತಿರುವುದೇ. ನಮ್ಮಲ್ಲಿ ಒಂದು ಮನೆಗೆ ಎರಡು ಪ್ಲಾನು. ಮೊದಲನೆಯದು ಅನುಮತಿ ಕೊಡುವ ಆಫೀಸಿಗೆ. ಅದರಲ್ಲಿ ಸುತ್ತ ಬಿಡಬೇಕಾದ ಜಾಗವೆಲ್ಲ ಅಚ್ಚುಕಟ್ಟಾಗಿ ಬಿಟ್ಟಿರುತ್ತದೆ, ಗಾಳಿ ಬೆಳಕು ಹರಿದಾಡುತ್ತಿರುತ್ತವೆ, ಮೂಲೆಯಲ್ಲಿ ಗಿಡವೂ ಒಂದಿರುತ್ತದೆ. ಎರಡನೆಯದು ಮೇಸ್ತ್ರಿಗೆ. ಅದರಲ್ಲಿ ಗಿಡ ಇರುವುದಿಲ್ಲ, ಜಾಗವೂ ಇರುವುದಿಲ್ಲ. ಮನೆ ಏಳುವುದು ಎರಡನೆಯದರ ಪ್ರಕಾರ. ನಾನು ಎರಡನೇ ಪ್ಲಾನು ಬರೆಯುವುದಿಲ್ಲ. ಇದು ದೊಡ್ಡ ಆದರ್ಶವೆಂದು ತಿಳಿಯಬೇಡಿ; ಒಂದೇ ಮನೆಯನ್ನು ಎರಡು ಸಲ ಬರೆಯುವುದಕ್ಕೆ ಸೋಮಾರಿತನವೂ ಇದ್ದೀತು. ಕಾರಣ ಏನೇ ಇರಲಿ, ಬಂದ ಗಿರಾಕಿ ಕಾಫಿ ಕುಡಿಯುವವರೆಗೆ ಇದ್ದು, ಎರಡನೇ ಪ್ಲಾನಿನ ಮಾತು ಬಂದಾಗ ಚಪ್ಪಲಿ ಹುಡುಕುತ್ತಾನೆ.

ಮದ್ದೂರಿನವನೊಬ್ಬ ಬಂದಿದ್ದ. ಮಹಡಿಗೆ ಹತ್ತುವ ಮೆಟ್ಟಿಲನ್ನು ರಸ್ತೆಗೆ ಇಳಿಸಬೇಕಂತೆ, ಮನೆಯೊಳಗೆ ಜಾಗ ಹಾಳಾಗಬಾರದಂತೆ.

"ರಸ್ತೆ ನಿನ್ನದಲ್ಲಪ್ಪ" ಎಂದೆ.

"ಮತ್ಯಾರ್ದು ಮೇಡಂ?"

"ಎಲ್ಲರದ್ದು."

"ಎಲ್ರುದೂ ಅಂದ್ಮೇಲೆ ಅದ್ರಲ್ಲಿ ನಂದೂ ಐತಲ್ಲ! ನನ್ ಭಾಗದಾಗೆ ನಾನ್ ಇಳುಸ್ಕತೀನಿ ಬುಡಿ" ಎಂದ.

ಇವತ್ತಿಗೂ ಪಾತ್ರೆ ತೊಳೆಯುವಾಗ ಅವನಿಗೆ ಹೇಳಬೇಕಾಗಿದ್ದ ಉತ್ತರಗಳು ಹೊಳೆಯುತ್ತಿರುತ್ತವೆ, ಒಂದಕ್ಕಿಂತ ಒಂದು ಚೆನ್ನಾಗಿ. ಕೇಳುವುದಕ್ಕೆ ಪಾತ್ರೆಗಳು ಮಾತ್ರ ಇರುತ್ತವೆ.

ಈ ಕತೆಯನ್ನು ನಾನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕವಳು ರತ್ನ. ಅವಳ ಗಂಡ ಕರೆಂಟಿನವರು, ನಮ್ಮ ಕಡೆ ಬ್ಲಫ್ ಎಂದೇ ಕರೆಯುವ ಶಿವನಸಮುದ್ರದಲ್ಲಿ ಕೆಲಸ. ಮದುವೆಯಾದಾಗಿನಿಂದ ಅವಳು ಕ್ವಾರ್ಟರ್ಸಿನಲ್ಲೇ ಇದ್ದವಳು. ಭಾನುವಾರ ಬಂದರೆ ಬಸ್ಸು ಹತ್ತಿ ನನ್ನ ಮಹಡಿಗೆ ಬರುತ್ತಿದ್ದಳು. ಅವರೆಕಾಯಿಯ ಕಾಲದಲ್ಲಂತೂ ಚೀಲ ತುಂಬ ಕಾಯಿ. ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತು ಬೇಳೆ ಹಿತುಕುತ್ತಾ ಮಳವಳ್ಳಿಯ ಇಡೀ ಬೀದಿಯನ್ನು ಒಂದು ಸುತ್ತು ಬಂದುಬಿಡುತ್ತಿದ್ದೆವು. ಅವಳು ಬಂದ ದಿನ ನನ್ನ ಮನೆಯಲ್ಲಿ ಒಗ್ಗರಣೆಯ ವಾಸನೆ ಏಳುತ್ತಿತ್ತು. ಉಳಿದ ದಿನ ಮಜ್ಜಿಗೆ, ಉಪ್ಪಿನಕಾಯಿ.

ಅವಳ ಅಪ್ಪ ಅಮ್ಮ ಹೋದಮೇಲೆ ಮಳವಳ್ಳಿಯ ಹಳೇ ಮನೆ ರತ್ನಳ ಪಾಲಿಗೆ ಬಂತು. ಅದನ್ನು ಕೆಡವಿ ಹೊಸದು ಕಟ್ಟಬೇಕು, ಪ್ಲಾನು ನೀನೇ ಬರೆಯಬೇಕು ಎಂದಳು. ನನಗಾದ ಸಂತೋಷ ಹೇಳತೀರದು. ಅವಳ ಅಡುಗೆಮನೆಯ ಕಿಟಕಿಗೆ ಬೆಳಗಿನ ಬಿಸಿಲು ಬರುವ ಹಾಗೆ ಬರೆದೆ. ಅವಳ ಗಂಡ ಪೇಪರು ಓದಲು ಒಂದು ಮೂಲೆ ಬರೆದೆ. ಕುಕ್ಕರು ಇಳಿಸುವಾಗ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಿದೆ. ಪೆನ್ಸಿಲಿನ ಹೊಟ್ಟೇ ಬೀಳಲಿಲ್ಲ. ಭಾನುವಾರ ಬಂದವಳು ಕನ್ನಡಕ ಏರಿಸಿ ನೋಡಿದಳು. ಕೋಣೆ ಕೋಣೆಯನ್ನೂ ಬೆರಳಿನಿಂದ ಮುಟ್ಟಿದಳು. ಕೊನೆಗೆ ಬೆರಳು ಪಕ್ಕದ ಖಾಲಿ ಪಟ್ಟಿಯ ಮೇಲೆ ನಿಂತಿತು.

"ಇದೇನಮ್ಮಿ ಇದು, ಇಲ್ಲೇನೂ ಬರ್ದೇ ಇಲ್ಲ?"

"ಅದು ಸಂದಿ ಕಣೆ."

"ಗೊತ್ತು. ಆಫೀಸಿಗೆ ಇಂಗೇ ತೋರುಸು. ಮೇಸ್ತ್ರಿಗೆ ಕೊಡೋದ್ರಲ್ಲಿ ಸೇರ್ಸಿ ಬರಿ. ಅಷ್ಟು ಸೇರುದ್ರೆ ಇನ್ನೊಂದ್ ರೂಮೇ ಆಯ್ತದೆ."

ನಾನು ಎರಡನೇ ಪ್ಲಾನು ಬರೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮದ್ದೂರಿನವನ ಕತೆಗೆ ನಕ್ಕಿದ್ದಳಲ್ಲ. ಆದರೆ ಆ ಕಟ್ಟುಪಾಡು ಊರವರಿಗೆ, ತನಗಲ್ಲ ಎಂದುಕೊಂಡಿದ್ದಳು. ಸ್ನೇಹ ಎಂದರೆ ಅದೇ ತಾನೆ.

"ಹಿಂದಿನ ಮನೆಯವರು ಎಲ್ಲಿ ಹೋಗಬೇಕು ರತ್ನಾ?"

"ಆಚೆ ಕಡೆ ಮೋರಿ ಪಕ್ಕದಾಗೆ ಸುತ್ತಾಕ್ಕೊಂಡ್ ಓಗ್ಲಿ. ದಾರಿ ಇಲ್ವಾ?"

"ಹೊರೆ ಹೊತ್ತುಕೊಂಡು ಆ ಮೋರಿ ಪಕ್ಕ..."

"ಜಯಿ, ನಾನೊಂದ್ ಮಾತ್ ಕೇಳ್ತೀನಿ." ಅವಳ ದನಿ ಇಳಿಯಿತು. "ನಿಮ್ ಸೂರಿನ ಜಾಗ ನಿಮ್ಮಪ್ಪ ಮಾರ್ಕಂಡ್ರು. ಕೊಂಡೋರು ಮುಚ್ಕಂಡ್ರು. ಆವಾಗ ಯಾರೂ ಕೇಳ್ನಿಲ್ಲ. ಎಲ್ರ ದಾರಿ ಅಂತ ಇರೋದು ಈಗ ನನ್ನೊಬ್ಳ ಜಾಗದಾಗೇನಾ? ಇಷ್ಟು ವರ್ಸ ಕ್ವಾರ್ಟರ್ಸಲ್ಲಿ ಒಂದ್ ಮೊಳೆ ಒಡೀಬೇಕಾದ್ರೂ ಯೋಚ್ನೆ ಮಾಡ್ದೋಳು ನಾನು. ಈವಾಗ ನಂದು ಅಂತ ಒಂದ್ ಗ್ವಾಡೆ ಎಬ್ಬುಸ್ಬೇಕಾದ್ರೆ ನೀನು ಇಂದಕ್ ಸರಿ ಅಂತೀಯ."

ಅವಳ ಮಾತಿನಲ್ಲಿ ನ್ಯಾಯ ಇತ್ತು. ಇವತ್ತಿಗೂ ಇದೆ. ಇಬ್ಬರು ಅರ್ಧರ್ಧ ಬಿಟ್ಟು ಮಾಡಿದ ದಾರಿಯಲ್ಲಿ ಒಬ್ಬರು ತಮ್ಮರ್ಧ ಎತ್ತಿಕೊಂಡು ಹೋದ ಮೇಲೆ, ಉಳಿದವರೊಬ್ಬರೇ ಯಾಕೆ ಒಳ್ಳೆಯವರಾಗಿರಬೇಕು? ಓದಿದ್ದರಲ್ಲಿ ಎಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ: ಆ ಪಟ್ಟಿಯ ಮೇಲೆ ಗೋಡೆಯ ಗೆರೆ ಎಳೆಯುವುದಕ್ಕೆ ನನ್ನ ಕೈ ಏಳುವುದಿಲ್ಲ. ಹಾಗೆಂದೇ ಹೇಳಿದೆ.

"ನನ್ಗೋಸ್ಕರನೂ?"

"ಆಗಲ್ಲ ಕಣೆ."

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿದಳು. ಹಿತುಕಿದ ಬೇಳೆ ಪಾತ್ರೆಯಲ್ಲೇ ಇತ್ತು. "ಸಾರು ಮಾಡ್ಕೊ, ನಾನ್ ಬತ್ತೀನಿ" ಎಂದು ಎದ್ದಳು. ಬರುತ್ತೇನೆ ಎಂದೇ ಹೋದಳು, ಬರಲಿಲ್ಲ. ಮದ್ದೂರಿನ ಒಬ್ಬ ಎಂಜಿನಿಯರು ಪ್ಲಾನು ಬರೆದುಕೊಟ್ಟರಂತೆ, ಎರಡೂ.

ಅವರೆಬೇಳೆ ಹಿತುಕುವುದು ಒಬ್ಬರಿಂದ ಆಗುವ ಕೆಲಸವಲ್ಲ. ಕೈಗೆ ಕೈ ಬೇಕೆಂದಲ್ಲ, ಮಾತು ಬೇಕು. ಮಾತಿಲ್ಲದೆ ಹಿತುಕಿದರೆ ಬೇಳೆ ಹಾರಿ ಎಲ್ಲೆಲ್ಲೋ ಬೀಳುತ್ತದೆ. ಹುಡುಕಿಕೊಂಡು ಮಂಚದ ಕೆಳಗೆ ಬಗ್ಗಿದರೆ ಅಲ್ಲಿ ಬಾಗಿಲು ಮಲಗಿರುತ್ತದೆ. ಆ ವರ್ಷ ಒಂದು ಸಲ ತಂದು, ಆಮೇಲೆ ಬಿಟ್ಟುಬಿಟ್ಟೆ. ಭಾನುವಾರಗಳಲ್ಲಿ ಮೇಜಿನ ಡ್ರಾಯರುಗಳನ್ನು ಜೋಡಿಸಲು ಶುರುಮಾಡಿದೆ. ಒಂದು ಕಾಲದಲ್ಲಿ ಅವು ಎಷ್ಟು ಅಚ್ಚುಕಟ್ಟಾದವೆಂದರೆ ಜೋಡಿಸುವುದಕ್ಕಾಗಿಯೇ ಮತ್ತೆ ಕೆದರಬೇಕಾಯಿತು. ಫೋನು ಕೈಗೆ ತೆಗೆದುಕೊಂಡು ಅವಳ ಹೆಸರಿನವರೆಗೂ ಹೋಗಿ ಬಿಟ್ಟದ್ದುಂಟು. ಏನೆಂದು ಮಾತಾಡುವುದು? ಮನೆ ಎಲ್ಲಿಗೆ ಬಂತು ಎಂದು ಕೇಳುವ ಹಾಗಿರಲಿಲ್ಲ, ಅದನ್ನು ಬಿಟ್ಟು ಬೇರೆ ಕೇಳಿದರೆ ನಾಟಕವಾಗುತ್ತಿತ್ತು.

ಗೃಹಪ್ರವೇಶಕ್ಕೆ ಕರೆದದ್ದು ಅವಳ ಗಂಡ, ಫೋನಿನಲ್ಲಿ. "ಬನ್ನಿ ಜಯಮ್ಮಾರೆ, ಅವ್ಳು ಬಾಯ್ಬುಟ್ಟು ಏಳಲ್ಲ, ಕಾಯ್ತಾವ್ಳೆ" ಎಂದರು. ಒಂದು ಸೀರೆ ತೆಗೆದುಕೊಂಡು ಹೊರಟೆ. ಆ ದಿನ ದಾರಿಯಲ್ಲಿ ಯಾವ ಸಂದಿಯನ್ನೂ ನೋಡಲಿಲ್ಲ. ನೋಡಬೇಕಾದದ್ದು ಮುಂದೆ ಒಂದಿತ್ತು, ಅದಕ್ಕೇ ಹೆದರಿಕೆ.

ಬೀದಿಯ ತಿರುವಿನಲ್ಲೇ ಶಾಮಿಯಾನ ಕಂಡಿತು. ಮನೆ ಚೆನ್ನಾಗಿತ್ತು. ಹತ್ತಿರ ಹೋದರೆ, ಪಕ್ಕದಲ್ಲಿ ಗೋಡೆ ಮುಂದೆ ಬಂದಿರಲಿಲ್ಲ. ಸಂದಿ ಇತ್ತು! ಹಳೆಯ ಅರ್ಧ ಹಾಗೇ ಇತ್ತು, ನೆಲಕ್ಕೆ ಸಿಮೆಂಟು ಬೇರೆ ಹಾಕಿಸಿದ್ದಳು. ಆಮೇಲೆ ಅದರ ಬಾಯಿಗೆ ಹಾಕಿದ್ದ ಕಬ್ಬಿಣದ ಗೇಟು ಕಂಡಿತು. ಗೇಟಿಗೆ ಬೀಗ.

ರತ್ನ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಎಳೆದುಕೊಂಡಳು. ಹೊಸ ಸೀರೆ, ಹಣೆಯಲ್ಲಿ ಕರಗಿದ ಕುಂಕುಮ. "ನೋಡ್ದೇನಮ್ಮಿ? ಬುಟ್ಟಿವ್ನಿ. ಪಾಯ ತೆಗ್ದು ಗುದ್ಲಿ ಅಲ್ಲಿಗ್ ಬಂದಾಗ ನಿನ್ ಮೂತಿನೇ ಕಣ್ಮುಂದೆ ಬರೋದು ಕಣೆ. ಬ್ಯಾಡ ಬುಡ್ರಿ ಅಂದೆ. ಆ ಎಂಜಿನೇರು ತಲೆತಲೆ ಚಚ್ಕಂಡ." ಅವಳೇ ನನ್ನನ್ನು ಊಟಕ್ಕೆ ಕೂರಿಸಿ, ಅವಳೇ ಬಡಿಸಿದಳು. ಎಲೆಯ ಮುಂದೆ ಮೊಣಕಾಲೂರಿ ಕೂತು, ಚಿಕ್ಕಂದಿನಲ್ಲಿ ಲೆಕ್ಕ ಸರಿ ಮಾಡಿ ಸ್ಲೇಟು ತೋರಿಸುತ್ತಿದ್ದ ಹಾಗೆ ನನ್ನ ಮುಖ ನೋಡಿದಳು. "ಈಗ್ಲಾದ್ರೂ ಸಂತೋಸನಾ?"

ಹೌದು ಎಂದುಬಿಟ್ಟರೆ ಆಗುತ್ತಿತ್ತು. ಬರುವ ಭಾನುವಾರ ಅವಳು ಬಸ್ಸು ಹತ್ತುತ್ತಿದ್ದಳು. ಆ ಒಂದು ಮಾತಿಗೆ ನಾನು ಎಷ್ಟು ಹಸಿದಿದ್ದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

"ಗೇಟು ಯಾಕೆ ರತ್ನಾ?" ಎಂದೆ.

"ಗೇಟಾ? ಗೇಟಿಲ್ದಿದ್ರೆ ನಾಯಿ ಬತ್ತವೆ, ಕುಡ್ಕರು ಬತ್ತಾರೆ. ನಾಳೀಕೆ ಇದು ನಮ್ ದಾರಿ ಅಂತ ಯಾರಾರ ಬೋರ್ಡ್ ನೆಟ್ರೆ? ನಂದು ಅನ್ನೋದು ಗೊತ್ತಾಗ್ಬೇಕಲ್ಲ. ಹಿಂದ್ಲು ಮನೆಯೋರ್ಗೇನು ನಾನು ಇಲ್ಲ ಅಂದಿಲ್ಲ. ಕೂಗುದ್ರೆ ತೆಗೀತೀನಿ. ಕೆಲ್ಸ ನಡೀವಾಗ್ಲೂ ಇಲ್ಲೇ ಇದ್ನಲ್ಲ, ಕೇಳ್ನೋಡು ಬೇಕಾದ್ರೆ, ಒಂದಿನ ಮಕ ಸಿಂಡ್ರುಸಿಲ್ಲ."

"ಕೂಗಬೇಕಲ್ಲ ಕಣೆ."

ಅಷ್ಟೇ ನಾನು ಹೇಳಿದ್ದು. ಅವಳ ಕೈಯಲ್ಲಿದ್ದ ಪಾಯಸದ ಸೌಟು ಅಲ್ಲೇ ನಿಂತಿತು. ಸುತ್ತ ಎಲೆಗಳಲ್ಲಿ ಜನ ಸಾರಿಗೆ ಕರೆಯುತ್ತಿದ್ದರು. ಅವಳು ಸಿಟ್ಟಾಗಲಿಲ್ಲ, ಆಗಿದ್ದರೆ ಎಷ್ಟೋ ವಾಸಿಯಿತ್ತು. ನಿಧಾನವಾಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: "ನೀನ್ ಯಾಕೆ ಒಬ್ಳೇ ಇದ್ದೀಯ ಅನ್ನೋದು ನಂಗೆ ಇವತ್ ಗೊತ್ತಾಯ್ತು ಕಣಮ್ಮಿ." ಮತ್ತೆ ಒಂದು ಸೌಟು ಪಾಯಸ ನನ್ನ ಎಲೆಗೆ ಹಾಕಿ, ಮುಂದಿನ ಎಲೆಗೆ ಹೋದಳು.

ಪಾಯಸ ಪೂರ್ತಿ ಉಂಡೆ. ಬಿಡುವುದು ಹೇಗೆ, ಅವಳು ಹಾಕಿದ್ದು. ಕೈ ತೊಳೆಯಲು ಹಿತ್ತಲಿಗೆ ಹೋದವಳಿಗೆ ತಿರುಗಿ ಆ ಜನದ ಮಧ್ಯೆ ಹಾಯ್ದು ಹೋಗುವ ಧೈರ್ಯವಾಗಲಿಲ್ಲ. ಸಂದಿಯಲ್ಲೇ ಮುಂದಕ್ಕೆ ನಡೆದೆ. ಗೇಟಿನ ಹತ್ತಿರ ಸಿದ್ದಮ್ಮ ನಿಂತಿದ್ದಳು. ಹಿಂದಿನ ಮನೆಯವಳು, ನಾವು ಹೈಸ್ಕೂಲಿನಲ್ಲಿದ್ದಾಗ ಸೊಸೆಯಾಗಿ ಇದೇ ಸಂದಿಯಲ್ಲಿ ನಡೆದು ಬಂದವಳು. ಕಂಕುಳಲ್ಲಿ ಖಾಲಿ ಗೋಣಿ, ಕೈಯಲ್ಲಿ ಕುಡುಗೋಲು.

"ಯಾರು, ಜಯಕ್ಕನಾ? ಊಟ ಆಯ್ತಾ?"

"ಆಯ್ತು ಸಿದ್ದಮ್ಮ. ನಿನ್ನದು?"

"ಆಗ್ಲೇ ಉಂಡೆ. ಕರುದ್ರಲ್ಲ, ಒಳ್ಳೆ ಜನ. ಸೊಪ್ಪಿಗ್ ಓಗ್ಬೇಕು, ಹುಳ ಅಸ್ಕಂಡವೆ." ಅವಳು ಬೀಗದ ಕಡೆ ನೋಡಿ, ಮನೆಯ ಕಡೆ ನೋಡಿದಳು.

"ಕೂಗು ಮತ್ತೆ, ತೆಗೀತಾಳೆ" ಎಂದೆ.

ಸಿದ್ದಮ್ಮ ಗೋಣಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಬೆಳಿಗ್ಗೆಯಿಂದ ಎಲ್ಡ್ ಸತಿ ತೆಗ್ಸಿವ್ನಿ ಕಣಕ್ಕ. ಬ್ಯಾಸ್ರ ಮಾಡ್ಕಳಲ್ಲ ಅವ್ರು. ಆದ್ರೂ ಪದೇ ಪದೇ ಕೂಗಕ್ಕೆ ನಮ್ಗೇ ಒಂಥರಾ ಆಯ್ತದೆ, ಅಲ್ವಾ? ಇವತ್ತು ನೆಂಟ್ರು ಬ್ಯಾರೆ. ನೀವ್ ಕೂಗಿ. ನೀವಾದ್ರೆ ಅವ್ರಿಗೆ ಬೇಕಾದೋರು."

ನಾನು ಗೇಟಿನ ಸರಳು ಹಿಡಿದುಕೊಂಡು "ರತ್ನಾ" ಎಂದು ಕೂಗಿದೆ. ಒಳಗೆ ಓಲಗದ ಸದ್ದು ಜೋರಾಗಿತ್ತು. ಕೇಳಿಸಿತೋ ಇಲ್ಲವೋ, ಯಾರೂ ಬರಲಿಲ್ಲ.

"ಇನ್ನೊಂದ್ ಸತಿ ಕೂಗಿ" ಎಂದಳು ಸಿದ್ದಮ್ಮ.

ಬಾಯಿ ತೆರೆದೆ. ಕೂಗುವುದಾಗಲಿಲ್ಲ. ಸಿದ್ದಮ್ಮ ನನ್ನ ಮುಖ ನೋಡಿದಳು. ಸ್ವಲ್ಪ ಓರೆಯಾಗಿ ಸರಿದು, ಗೋಡೆಗೆ ಒರಗುವಷ್ಟು ಜಾಗ ನನಗೂ ಮಾಡಿಕೊಟ್ಟಳು. ಓಲಗ ನಿಲ್ಲಲಿ ಎಂದು ಇಬ್ಬರೂ ಕಾಯುತ್ತಾ ನಿಂತೆವು.